ಮಕ್ಕಳೊಡನೆ ದೂರದ ದಾರಿ

(ಬಾನುಲಿ ಭಾಷಣ)

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಮಾತನ್ನು ನಾವೆಲ್ಲರೂ ಎಳವೆಯಿಂದ ಕೇಳುತ್ತ ಬಂದಿದ್ದೇವೆ. ಅದನ್ನು ಮೊದಲು ಆಡಿದ ಪುಣ್ಯಾತ್ಮರು ಯಾರೋ ತಿಳಿಯದು. ಆದರೆ ಆಡುವಾಗ ಅವರ ಕಂಕುಳಲ್ಲಿ ಒಂದೂವರೆ ವರ್ಷದ ಕೂಸಾಗಲಿ, ಸೆರಗು ಹಿಡಿದ ಆರು ವರ್ಷದ ಹುಡುಗಿಯಾಗಲಿ ಇದ್ದಿರಲಾರದು. ಇದ್ದಿದ್ದರೆ ಆ ಮಾತಿಗೆ ಒಂದೆರಡು ಷರತ್ತುಗಳನ್ನಾದರೂ ಸೇರಿಸುತ್ತಿದ್ದರು.

ಎಳೆಯ ಮಕ್ಕಳನ್ನು ಕಟ್ಟಿಕೊಂಡು ದೂರದ ಪ್ರವಾಸಕ್ಕೆ ಹೊರಡಬಹುದೇ, ಹೊರಡಬಾರದೇ ಎಂಬ ಪ್ರಶ್ನೆ ಇಂದು ಮಧ್ಯಮ ವರ್ಗದ ಮನೆಗಳಲ್ಲಿ ರಜೆ ಬಂದಾಗಲೆಲ್ಲ ಏಳುತ್ತದೆ. ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಕಾಶಿಗೆ ಹೊರಡುವವರು ಸಂಸಾರದ ಹೊಣೆಯನ್ನು ಮಕ್ಕಳ ಕೈಗೆ ಒಪ್ಪಿಸಿ, ಮನೆಮಠದ ವ್ಯವಸ್ಥೆ ಮಾಡಿ, ಹಿಂದಿರುಗುತ್ತೇವೋ ಇಲ್ಲವೋ ಎಂಬ ಅಳುಕಿನಿಂದಲೇ ಹೊರಡುತ್ತಿದ್ದರಂತೆ. ಹಿಂದಿರುಗಿದರೆ ಊರಿಗೆಲ್ಲ ಗಂಗಾಸಮಾರಾಧನೆಯ ಊಟ. ದೂರದ ಯಾತ್ರೆ ಎಂದರೆ ಬದುಕಿನ ಕೊನೆಯಲ್ಲಿ ಮಾಡುವ ಕೆಲಸ. ಮದುವೆಯ ಮನೆಯಲ್ಲಿ ಕಾಶಿಯಾತ್ರೆಗೆಂದು ಕೊಡೆ ಹಿಡಿದು ಹೊರಟ ವರನನ್ನು ಬಾಗಿಲಲ್ಲೇ ತಡೆದು ಕರೆತರುವ ಶಾಸ್ತ್ರ ಇಂದಿಗೂ ಉಳಿದಿದೆ. ಸಂಸಾರ ಮತ್ತು ದೂರದ ದಾರಿ ಒಂದಕ್ಕೊಂದು ಹೊಂದುವುದಿಲ್ಲ ಎಂಬ ಹಳೆಯ ತಿಳಿವಳಿಕೆಯ ಗುರುತು ಅದು.

ಈ ತಿಳಿವಳಿಕೆಯನ್ನು ಮುರಿದದ್ದು ರೈಲು. 1864ರಲ್ಲಿ ಬೆಂಗಳೂರು ದಂಡು ಪ್ರದೇಶದಿಂದ ಜೋಲಾರಪೇಟೆಗೆ ರೈಲು ಓಡಲು ಮೊದಲಾದ ಮೇಲೆ ತಿಂಗಳುಗಳ ದಾರಿ ದಿನಗಳ ದಾರಿಯಾಯಿತು. ದಾರಿ ಚಿಕ್ಕದಾದಂತೆ ಹೊರಡುವವರ ವಯಸ್ಸೂ ಚಿಕ್ಕದಾಗುತ್ತ ಬಂತು. ಆದರೂ ನಾನು ಓದಿರುವ ಕನ್ನಡದ ಪ್ರವಾಸ ಕಥನಗಳನ್ನು ನೆನೆದರೆ ಒಂದು ಸಂಗತಿ ಎದ್ದು ಕಾಣುತ್ತದೆ. ವಿ. ಸೀತಾರಾಮಯ್ಯನವರ 'ಪಂಪಾಯಾತ್ರೆ', ಕಾರಂತರ 'ಅಬುವಿಂದ ಬರಾಮಕ್ಕೆ', 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ 'ಅಮೆರಿಕಾದಲ್ಲಿ ಗೊರೂರು' ಇವೆಲ್ಲ ನಮಗೆ ಪ್ರಿಯವಾದ ಕೃತಿಗಳೇ. ಆದರೆ ಹಾಲುಗೂಸನ್ನು ಎತ್ತಿಕೊಂಡು ದೇಶ ಸುತ್ತಿದ ತಾಯಿಯ ಕಥನವನ್ನು ಹುಡುಕಿಕೊಂಡು ಹೋದರೆ ಕೈಗೆ ಸಿಕ್ಕುವುದು ಬಹಳ ಕಡಿಮೆ. ಅಂಥ ತಾಯಿಗೆ ಬರೆಯಲು ಬಿಡುವೆಲ್ಲಿ ಎಂಬುದೂ ಅದಕ್ಕೆ ಕಾರಣವಿದ್ದೀತು.

ಈ ಪ್ರಶ್ನೆಯನ್ನು ಕುರಿತು ನಾನು ಮಾತನಾಡಲು ಹೊರಟಿರುವುದಕ್ಕೆ ಕಾರಣ, ಅದು ಈಗ ನಮ್ಮ ಮನೆಯ ನಡುಮನೆಯಲ್ಲೇ ಬಂದು ಕುಳಿತಿರುವುದು. ನಮ್ಮ ಯಜಮಾನರದು ಕೇಂದ್ರ ಸರಕಾರದ ನೌಕರಿ. ನಾಲ್ಕು ವರ್ಷಗಳ ಅವಧಿಯಲ್ಲಿ ಒಮ್ಮೆ ಭಾರತದ ಯಾವ ಭಾಗಕ್ಕಾದರೂ ಕುಟುಂಬ ಸಮೇತ ಹೋಗಿಬರುವ ರಿಯಾಯಿತಿ ಅವರಿಗಿದೆ. ಅವರ ತಾಯಿ, ಎಂದರೆ ನಮ್ಮ ಅತ್ತೆಯವರಿಗೆ ಈಗ 72 ವರ್ಷ. ಶೃಂಗೇರಿಯ ಶಾರದೆಯನ್ನು ಲೆಕ್ಕವಿಲ್ಲದಷ್ಟು ಬಾರಿ ಕಂಡಿರುವ ಅವರಿಗೆ, ಶಂಕರಾಚಾರ್ಯರು ಉತ್ತರದಲ್ಲಿ ಮಠ ಸ್ಥಾಪಿಸಿದರೆಂದು ಪರಂಪರೆ ಹೇಳುವ ಜೋಶಿಮಠವನ್ನೂ ಅದರಾಚೆಯ ಬದರಿಯನ್ನೂ ಒಮ್ಮೆ ಕಾಣಬೇಕೆಂಬ ಆಸೆ. ದಕ್ಷಿಣದ ಕೇರಳದಿಂದ ಹೋದ ನಂಬೂದಿರಿ ಅರ್ಚಕರೇ ಇಂದಿಗೂ ಬದರಿಯಲ್ಲಿ ರಾವಲರಾಗಿ ಪೂಜೆ ಮಾಡುತ್ತಾರೆಂಬುದನ್ನು ಅವರು ಹೆಮ್ಮೆಯಿಂದ ಹೇಳುತ್ತಾರೆ. ಇನ್ನು ನಮ್ಮ ಮಕ್ಕಳು: ಮಗಳಿಗೆ ಆರು ವರ್ಷ, ಮಗನಿಗೆ ಒಂದೂವರೆ.

ತೊಡಕು ಇರುವುದು ಇಲ್ಲಿಯೇ. ಮಕ್ಕಳು ಸ್ವಲ್ಪ ದೊಡ್ಡವರಾಗಲಿ, ಆಮೇಲೆ ಹೋದರಾಯಿತು ಎನ್ನುವುದು ಸುಲಭ. ಆದರೆ ಮಗ ಐದು ವರ್ಷದವನಾಗುವ ಹೊತ್ತಿಗೆ ಅತ್ತೆಯವರಿಗೆ 75 ದಾಟಿರುತ್ತದೆ. ಅವರ ಮಂಡಿಗಳು ಈಗಲೇ ಮೆಟ್ಟಿಲು ಕಂಡರೆ ಹಿಂಜರಿಯುತ್ತವೆ. ಮನೆಯ ಒಂದು ತುದಿಯಲ್ಲಿ ಬೆಳೆಯುವ ವಯಸ್ಸು, ಇನ್ನೊಂದು ತುದಿಯಲ್ಲಿ ಇಳಿಯುವ ವಯಸ್ಸು. ಎರಡೂ ಒಂದೇ ಪಂಚಾಂಗದಲ್ಲಿ ನಡೆಯುತ್ತಿವೆ. ಒಂದಕ್ಕಾಗಿ ಕಾದರೆ ಇನ್ನೊಂದು ಕೈಬಿಟ್ಟು ಹೋಗುತ್ತದೆ.

ಇಂಥ ವಿಷಯದಲ್ಲಿ ಸಲಹೆಗೆ ಬರವಿಲ್ಲ. ನೆರೆಮನೆಯವರು, ನೆಂಟರು, ಕಚೇರಿಯವರು ಎಲ್ಲರೂ ಉದಾರವಾಗಿ ಕೊಟ್ಟರು. "ಈ ವಯಸ್ಸಿನ ಮಕ್ಕಳಿಗೆ ಏನು ತಿಳಿಯುತ್ತದೆ? ಒಂದೂ ನೆನಪಿರುವುದಿಲ್ಲ, ದುಡ್ಡು ದಂಡ" ಎಂದರು ಕೆಲವರು. "ನೀರು ಬದಲಾದರೆ ಮಕ್ಕಳು ಮಲಗಿಬಿಡುತ್ತವೆ" ಎಂದರು ಇನ್ನು ಕೆಲವರು. "ಮಕ್ಕಳನ್ನು ಕರೆದುಕೊಂಡು ಹೋದರೆ ನಿನಗೆಲ್ಲಿಯ ಪ್ರವಾಸ? ಅಡುಗೆಮನೆ ಒಂದು ಬಿಟ್ಟು ಉಳಿದ ಕೆಲಸವೆಲ್ಲ ಹಾಗೆಯೇ" ಎಂದವರು ನನ್ನ ನಾದಿನಿ. ಎದುರು ಪಕ್ಷದವರೂ ಇದ್ದರು. "ಹುಟ್ಟಿದ ಮಗುವಿನಿಂದ ಹಿಡಿದು ಎಲ್ಲರನ್ನೂ ಕಟ್ಟಿಕೊಂಡು ಗುಳೆ ಹೋಗುವವರಿಲ್ಲವೇ? ಅವರ ಮಕ್ಕಳು ಬೆಳೆಯುವುದಿಲ್ಲವೇ?" ಎಂದು ಕೇಳಿದರು ಒಬ್ಬ ಹಿರಿಯರು. ಮಾತು ನಿಜವೇ. ಆದರೆ ಗುಳೆ ಹೋಗುವ ತಾಯಿಗೆ ಆಯ್ಕೆಯಿಲ್ಲ. ಆಯ್ಕೆಯಿರುವವರು ಅವಳನ್ನು ತಮ್ಮ ವಾದಕ್ಕೆ ಸಾಕ್ಷಿಯಾಗಿ ಕರೆಯುವುದು ನ್ಯಾಯವಲ್ಲ.

ಈ ಮಾತುಗಳನ್ನೆಲ್ಲ ಒಂದೊಂದಾಗಿ ತೂಗಿ ನೋಡೋಣ.

ಮೊದಲನೆಯದು ನೆನಪಿನ ವಾದ. ಇದರಲ್ಲಿ ಹುರುಳಿಲ್ಲದಿಲ್ಲ. ಬಹುಪಾಲು ಜನರಿಗೆ ತಮ್ಮ ಬದುಕಿನ ಅತ್ಯಂತ ಹಳೆಯ ನೆನಪು ಮೂರು, ಮೂರೂವರೆ ವರ್ಷದ ಸುಮಾರಿನದು ಎಂದು ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಅದಕ್ಕೂ ಹಿಂದಿನದು ಅಳಿಸಿಹೋಗುತ್ತದೆ. ಐದಾರು ವರ್ಷದಲ್ಲಿ ಮಗು ಚೆನ್ನಾಗಿ ಹೇಳಬಲ್ಲ ಹಳೆಯ ಸಂಗತಿಗಳು ಕೂಡ ಎಂಟೊಂಬತ್ತು ವರ್ಷವಾಗುವುದರೊಳಗೆ ಎಷ್ಟೋ ಮರೆತುಹೋಗುತ್ತವೆ. ಆ ಲೆಕ್ಕದಲ್ಲಿ ನನ್ನ ಮಗನಿಗೆ ಗಂಗೆಯ ನೆನಪು ಉಳಿಯಲಾರದು. ಮಗಳಿಗೆ ಚೂರುಪಾರು ಉಳಿದೀತು. ಅದೂ ನಾವು ಬಯಸಿದ ಚೂರಲ್ಲ. ಹರಿದ್ವಾರದ ಆರತಿಗಿಂತ ರೈಲಿನಲ್ಲಿ ಎದುರು ಕುಳಿತವರು ಕೊಟ್ಟ ಕಿತ್ತಳೆಹಣ್ಣೇ ಅವಳ ಮನಸ್ಸಿನಲ್ಲಿ ಉಳಿಯಬಹುದು.

ಆದರೆ ನೆನಪಿನಲ್ಲಿ ಉಳಿಯದ್ದೆಲ್ಲ ವ್ಯರ್ಥ ಎನ್ನುವುದಾದರೆ, ನಾವು ಈ ಮಕ್ಕಳಿಗೆ ಹಾಡುವ ಲಾಲಿಯೂ ವ್ಯರ್ಥ, ತೊಡೆಯ ಮೇಲೆ ಕೂರಿಸಿಕೊಂಡು ತುತ್ತು ಕೊಡುತ್ತ ತೋರಿಸುವ ಚಂದ್ರನೂ ವ್ಯರ್ಥ. ನಮ್ಮವರು ವಾಸನೆ ಎಂಬ ಒಂದು ಮಾತನ್ನು ಬಳಸುತ್ತಾರೆ. ಕಂಡದ್ದು ಕೇಳಿದ್ದು ಮರೆತರೂ ಅದರ ಲೇಪ ಮನಸ್ಸಿನಲ್ಲಿ ಉಳಿಯುತ್ತದೆಂಬುದು ಅದರ ಅರ್ಥ. ಈ ಮಾತನ್ನು ಕೂಡ ಅತಿಯಾಗಿ ಎಳೆಯಬಾರದು. ಒಂದೂವರೆ ವರ್ಷದಲ್ಲಿ ಹಿಮಾಲಯ ಕಂಡ ಮಗು ಮುಂದೆ ಉದಾತ್ತ ಮನಸ್ಸಿನದಾಗುತ್ತದೆ ಎಂದು ನಂಬಲು ನನಗೆ ಆಧಾರವಿಲ್ಲ. ನಾನು ಹೇಳುವುದು ಇಷ್ಟೇ: ಆ ಗಳಿಗೆಯ ಸಂತೋಷ ಆ ಗಳಿಗೆಗೆ ಸತ್ಯ. ಅದಕ್ಕೆ ಮುಂದಿನ ವರ್ಷಗಳ ಸಾಕ್ಷಿ ಬೇಕಿಲ್ಲ. ಇದರ ಜೊತೆಗೆ ಇನ್ನೊಂದು ಸಂಗತಿಯಿದೆ. ಮೊಮ್ಮಗನಿಗೆ ನೆನಪಿಲ್ಲದಿದ್ದರೂ ಅಜ್ಜಿಗೆ ನೆನಪಿರುತ್ತದೆ. ಮೊಮ್ಮಕ್ಕಳ ಕೈ ಹಿಡಿದು ಗಂಗೆಗೆ ಇಳಿದೆ ಎಂಬುದು ಅವರ ಉಳಿದ ದಿನಗಳಿಗೆ ಆಗುವ ಸಂಪತ್ತು. ಪ್ರವಾಸದ ಫಲವನ್ನು ಮಕ್ಕಳ ತಲೆಯಲ್ಲಿ ಮಾತ್ರ ಹುಡುಕುವುದು ಸರಿಯಲ್ಲ.

ಆದ್ದರಿಂದ ನೆನಪಿನ ವಾದವನ್ನು ನಾನು ಪಕ್ಕಕ್ಕೆ ಇಟ್ಟೆ. ಆದರೆ ಆರೋಗ್ಯದ ವಾದವನ್ನು ಹಾಗೆ ಇಡಲು ಬರುವುದಿಲ್ಲ.

ಬದರಿ ಇರುವುದು ಸಮುದ್ರಮಟ್ಟದಿಂದ ಸುಮಾರು 3,100 ಮೀಟರ್ ಎತ್ತರದಲ್ಲಿ. ನಮ್ಮ ಬೆಂಗಳೂರು 900 ಮೀಟರ್‌ಗಿಂತ ತುಸು ಹೆಚ್ಚು. 2,500 ಮೀಟರ್ ದಾಟಿದ ಮೇಲೆ ಬಯಲುಸೀಮೆಯಿಂದ ಹೋದವರಿಗೆ ತಲೆನೋವು, ವಾಂತಿ, ಹಸಿವಿಲ್ಲದಿರುವುದು, ನಿದ್ದೆ ಬಾರದಿರುವುದು ಮೊದಲಾದ ತೊಂದರೆಗಳು ಕಾಣಿಸಿಕೊಳ್ಳಬಹುದು. ಗಾಳಿಯ ಒತ್ತಡ ಅಲ್ಲಿ ಸಮುದ್ರತೀರದ ಮುಕ್ಕಾಲು ಪಾಲಿಗಿಂತಲೂ ಕಡಿಮೆ, ಉಸಿರಿಗೆ ಸಿಕ್ಕುವ ಆಮ್ಲಜನಕವೂ ಅಷ್ಟೇ ಕಡಿಮೆ. ನಿಧಾನವಾಗಿ ಏರಿ, ನಡುವೆ ತಂಗಿ, ದೇಹಕ್ಕೆ ಒಗ್ಗಿಕೊಳ್ಳಲು ಸಮಯ ಕೊಟ್ಟರೆ ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ಎಷ್ಟೋ ಎಳೆಯ ಮಕ್ಕಳು ಬದರಿಗೆ ಹೋಗಿ ಸುಖವಾಗಿ ಹಿಂದಿರುಗುತ್ತಾರೆ ಎಂಬುದೂ ನಿಜ.

ಆದರೆ ದೊಡ್ಡವರಿಗೂ ಕೂಸಿಗೂ ಒಂದು ಮುಖ್ಯ ಭೇದವಿದೆ. ದೊಡ್ಡವರು "ತಲೆ ಸಿಡಿಯುತ್ತಿದೆ" ಎಂದು ಹೇಳಬಲ್ಲರು, ಒಂದೂವರೆ ವರ್ಷದ ಮಗು ಹೇಳಲಾರದು. ಅದು ಅಳುತ್ತದೆ, ಹಟ ಮಾಡುತ್ತದೆ, ಊಟ ಬೇಡವೆನ್ನುತ್ತದೆ, ರಾತ್ರಿಯೆಲ್ಲ ಹೊರಳಾಡುತ್ತದೆ. ಪ್ರಯಾಣದ ದಣಿವಿಗೂ ಮಗು ಮಾಡುವುದು ಇದನ್ನೇ, ಎತ್ತರದ ಬಾಧೆಗೂ ಇದನ್ನೇ. ಯಾವುದು ಯಾವುದೆಂದು ತಾಯಿಯಾದವಳು ಹೇಗೆ ತಿಳಿಯಬೇಕು? ಎತ್ತರದ ಬಾಧೆಗೆ ಮುಖ್ಯ ಮದ್ದು ಕೆಳಗಿಳಿಯುವುದು. ರಾತ್ರಿಯ ಹೊತ್ತು, ಕಣಿವೆಯ ಅಂಚಿನ ಆ ರಸ್ತೆಯಲ್ಲಿ, ಬೇಕೆಂದ ಕೂಡಲೆ ಇಳಿದು ಬರುವುದು ಆಗುವ ಮಾತಲ್ಲ. ಮಗು ಕಾಯಿಲೆ ಬೀಳುತ್ತದೆ ಎಂದು ನಾನು ಹೇಳುತ್ತಿಲ್ಲ. ಬಿದ್ದರೆ ನನಗೆ ತಿಳಿಯುವುದಿಲ್ಲ, ತಿಳಿದರೂ ಮಾಡಬೇಕಾದ್ದನ್ನು ಮಾಡಲು ದಾರಿಯಿರುವುದಿಲ್ಲ ಎನ್ನುತ್ತಿದ್ದೇನೆ. ಅಪಾಯದ ಪ್ರಮಾಣ ಸಣ್ಣದಾದರೂ ಅದನ್ನು ಎದುರಿಸುವ ಉಪಾಯ ನಮ್ಮ ಕೈಯಲ್ಲಿ ಇಲ್ಲದಿದ್ದಾಗ ಅದು ಸಣ್ಣದಾಗಿ ಉಳಿಯುವುದಿಲ್ಲ.

ಎತ್ತರಕ್ಕೆ ಮೊದಲು ರಸ್ತೆಯ ಮಾತು. ಋಷಿಕೇಶದಿಂದ ಬದರಿಗೆ ಸುಮಾರು 300 ಕಿಲೋಮೀಟರ್. ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ, ನಂದಪ್ರಯಾಗ, ವಿಷ್ಣುಪ್ರಯಾಗ ಎಂದು ನದಿಗಳು ಕೂಡುವ ಐದು ಪುಣ್ಯಸ್ಥಳಗಳನ್ನು ದಾಟಿ ಹೋಗುವ ಈ ದಾರಿ ಕಣ್ಣಿಗೆ ಹಬ್ಬ. ಹೊಟ್ಟೆಗೆ ಮಾತ್ರ ಹಬ್ಬವಲ್ಲ. ವಾಹನದ ತಿರುವುಗಳಿಂದ ಹೊಟ್ಟೆ ತೊಳಸುವ ಬಾಧೆ ಹೆಚ್ಚಾಗಿ ಕಾಡುವುದು ಎರಡರಿಂದ ಹನ್ನೆರಡು ವರ್ಷದ ಮಕ್ಕಳನ್ನು. ಹಾಲುಗೂಸುಗಳಿಗೆ ಅದು ಕಡಿಮೆ. ಎಂದರೆ ಎತ್ತರದ ಚಿಂತೆ ಮಗನ ವಿಷಯದಲ್ಲಿ, ತಿರುವುಗಳ ಚಿಂತೆ ಮಗಳ ವಿಷಯದಲ್ಲಿ. ನಮ್ಮ ಆಗುಂಬೆ ಘಟ್ಟ ಇಳಿಯುವಾಗಲೇ ಅವಳು ಎರಡು ಸಲ ವಾಹನ ನಿಲ್ಲಿಸುವವಳು.

ನೀರು ಬದಲಾಗುವ ಭಯಕ್ಕೆ ಮಾತ್ರ ನಾನು ಸೋಲಲಿಲ್ಲ. ಆ ಭಯ ಹುಸಿಯಲ್ಲ. ಭೇದಿಯಾದಾಗ ಎಳೆಯ ಮಕ್ಕಳ ಮೈಯ ನೀರು ದೊಡ್ಡವರಿಗಿಂತ ಬೇಗ ಬತ್ತುತ್ತದೆ. ಆದರೆ ಇದಕ್ಕೆ ಉಪಾಯ ನಮ್ಮ ಕೈಯಲ್ಲಿದೆ. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವಿನಲ್ಲಿ ಕಾಲರಾಕ್ಕೆ ತುತ್ತಾಗುತ್ತಿದ್ದಾಗ, ನರಕ್ಕೆ ಏರಿಸುವ ಮದ್ದು ಸಾಲದೆ ಹೋಯಿತು. ಆಗ ಡಾ. ದಿಲೀಪ್ ಮಹಲನಬೀಸರು ಉಪ್ಪು ಮತ್ತು ಸಕ್ಕರೆಯ ದ್ರಾವಣವನ್ನು ಬಾಯಿಂದಲೇ ಕುಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದರು. 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು. ಇಂದು ಆ ಪುಡಿಯ ಪೊಟ್ಟಣ ಯಾವ ಔಷಧಿ ಅಂಗಡಿಯಲ್ಲಾದರೂ ಸಿಕ್ಕುತ್ತದೆ. ಸಿಕ್ಕದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು, ಎರಡನ್ನೂ ತಲೆ ಸವರಿದ ಅಳತೆಯಲ್ಲಿ ಹಾಕಿ ಕದಡಿದರೆ ತತ್ಕಾಲಕ್ಕೆ ಸಾಕು. ವೈದ್ಯರ ಬಳಿಗೆ ಹೋಗುವವರೆಗೆ ಅದು ಕಾಯುತ್ತದೆ. ಯಾತ್ರೆಯ ಚೀಲದಲ್ಲಿ ದೇವರ ಪಟಕ್ಕೆ ಜಾಗವಿರುವಂತೆ ಈ ಪೊಟ್ಟಣಗಳಿಗೂ ಜಾಗವಿರಬೇಕು.

ಇನ್ನು ದೂರ. ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ಮೂರು ಗಂಟೆಯೊಳಗಿನ ದಾರಿ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ, ಒಂದು ಹಗಲು. ಮಕ್ಕಳಿಗೆ ವಿಮಾನವೇ ಸುಖವೆಂದು ಮೊದಲ ನೋಟಕ್ಕೆ ತೋರುತ್ತದೆ. ಇಳಿಯುವಾಗ ಕಿವಿ ನೋಯುವುದುಂಟು. ಹಾಲು ಕುಡಿಸಿದರೆ, ಏನಾದರೂ ಗುಟುಕರಿಸುವಂತೆ ಮಾಡಿದರೆ ಅದು ಶಮನವಾಗುತ್ತದೆ. ಆದರೆ ವಿಮಾನದಲ್ಲಿ ಮಗು ಅತ್ತರೆ ಎದ್ದು ಓಡಾಡಲು ಜಾಗವಿಲ್ಲ. ಸುತ್ತಲಿನವರ ಮುಖ ಬಿಗಿಯುತ್ತದೆ. ರೈಲಿನಲ್ಲಿ ಮಗು ಅತ್ತರೆ ಎದುರಿನ ಬೆಂಚಿನವರು ಎತ್ತಿಕೊಳ್ಳುತ್ತಾರೆ. ಎರಡು ನಿಲ್ದಾಣ ಕಳೆಯುವುದರೊಳಗೆ ಅದು ಇಡೀ ಬೋಗಿಯ ಮಗುವಾಗಿರುತ್ತದೆ. ಕಲಬುರಗಿಯ ಬಿಸಿಲುನೆಲ, ಸೊಲ್ಲಾಪುರದ ಬಯಲು, ಮನಮಾಡಿನಿಂದಾಚೆಯ ಕಪ್ಪುಮಣ್ಣಿನ ಹೊಲ, ಸಂಜೆಗೆ ಭುಸಾವಳದ ಬಾಳೆಹಣ್ಣು. ನಿದ್ದೆಯಲ್ಲಿ ಭೋಪಾಲ ಕಳೆದು, ಎಚ್ಚರವಾದಾಗ ಬೇರೆ ಭಾಷೆ, ಬೇರೆ ಚಹಾ. ಈ ದೇಶ ಎಷ್ಟು ದೊಡ್ಡದೆಂಬುದನ್ನು ಆರು ವರ್ಷದ ಹುಡುಗಿಗೆ ಭೂಪಟಕ್ಕಿಂತ ಚೆನ್ನಾಗಿ ಈ ಕಿಟಕಿ ಕಲಿಸುತ್ತದೆ.

ಹಾಗೆಂದು ರೈಲನ್ನು ಸ್ವರ್ಗವೆಂದು ವರ್ಣಿಸಲಾರೆ. ಅದರ ಶೌಚಾಲಯದ ಎದುರು ಮಗುವನ್ನು ಎತ್ತಿಕೊಂಡು ನಿಂತವರಿಗೆ ಎಲ್ಲವೂ ತಿಳಿದೇ ಇದೆ. ಐದು ವರ್ಷ ತುಂಬದ ಮಕ್ಕಳಿಗೆ ಟಿಕೆಟ್ಟು ಬೇಡ, ಆದರೆ ಮಲಗುವ ಜಾಗವೂ ಇಲ್ಲ. ತಾಯಿಯ ಪಕ್ಕದಲ್ಲಿ ಉಳಿದ ಒಂದು ಗೇಣೇ ಗತಿ. ಕೂಸುಗಳಿಗೆಂದು ಕೆಳಗಿನ ಬರ್ತಿಗೆ ಚಿಕ್ಕದೊಂದು ಹಾಸಿಗೆ ಜೋಡಿಸುವ ಪ್ರಯೋಗವನ್ನು 2022ರ ಮೇ ತಿಂಗಳಲ್ಲಿ ಲಕ್ನೋ ಮೇಲ್ ಗಾಡಿಯಲ್ಲಿ ಮಾಡಿ ನೋಡಿದರು. ಐದರಿಂದ ಹನ್ನೆರಡು ವರ್ಷದೊಳಗಿನವರಿಗೆ ಪ್ರತ್ಯೇಕ ಬರ್ತು ಬೇಕಾದರೆ 2016ರ ಏಪ್ರಿಲ್‌ನಿಂದ ಪೂರ್ತಿ ದರ. ಬರ್ತು ಬೇಡವೆಂದರೆ ಅರ್ಧ. ಎರಡು ರಾತ್ರಿಯ ಪ್ರಯಾಣದಲ್ಲಿ ಮಗಳಿಗೆ ಬರ್ತು ಬೇಡವೆನ್ನುವುದು ಉಳಿತಾಯವಲ್ಲ, ದಂಡನೆ. ಇಂಥ ಸಣ್ಣ ಲೆಕ್ಕಗಳನ್ನು ಹೊರಡುವ ಮೊದಲೇ ಮಾಡಬೇಕು. ಇಲ್ಲವಾದರೆ ಅವು ನಡುದಾರಿಯಲ್ಲಿ ಜಗಳಗಳಾಗುತ್ತವೆ.

ಜಗಳ ಎಂದ ಮೇಲೆ ನಾದಿನಿಯವರ ಮಾತಿಗೆ ಬರಬೇಕು. ಮಕ್ಕಳೊಡನೆ ಹೋದರೆ ತಾಯಿಗೆಲ್ಲಿಯ ಪ್ರವಾಸ? ನನ್ನ ಮಟ್ಟಿಗೆ ಎಲ್ಲ ವಾದಗಳಲ್ಲಿ ಇದೇ ಬಲವಾದದ್ದು. ಆದರೆ ಮನೆಯ ಚರ್ಚೆಗಳಲ್ಲಿ ಇದನ್ನೇ ಎಲ್ಲರೂ ನಗೆಮಾತಾಗಿ ತೇಲಿಸಿಬಿಡುತ್ತಾರೆ. ಊರು ಬದಲಾದರೆ ತಾಯಿಯ ಕೆಲಸ ಕಡಿಮೆಯಾಗುವುದಿಲ್ಲ. ಮನೆಯಲ್ಲಿ ಕೈಗೆ ಸಿಕ್ಕುವ ಸಾಮಗ್ರಿಗಳಿಲ್ಲದೆ ಅದೇ ಕೆಲಸವನ್ನು ಮಾಡಬೇಕಾಗುತ್ತದೆ. ಹಾಲು ಕಾಯಿಸುವುದೆಲ್ಲಿ, ಬಟ್ಟೆ ಒಗೆದು ಹರವುವುದೆಲ್ಲಿ, ಮಧ್ಯಾಹ್ನದ ನಿದ್ದೆ ತಪ್ಪಿದ ಮಗುವನ್ನು ಸಂಜೆ ಸಮಾಧಾನ ಮಾಡುವುದು ಹೇಗೆ ಎಂಬ ಪ್ರಶ್ನೆಗಳು ಯಾವ ಪ್ರವಾಸದ ಕೈಪಿಡಿಯಲ್ಲೂ ಇರುವುದಿಲ್ಲ. ನಾನು ನಮ್ಮ ಯಜಮಾನರೊಡನೆ ಈ ವಿಷಯವನ್ನು ನೇರವಾಗಿಯೇ ಎತ್ತಿದೆ. "ನೀವು ನೋಡಬೇಕಾದ ಸ್ಥಳಗಳ ಪಟ್ಟಿ ಮಾಡಿದ್ದೀರಿ, ಮಾಡಬೇಕಾದ ಕೆಲಸಗಳ ಪಟ್ಟಿಯನ್ನೂ ಮಾಡೋಣ" ಎಂದೆ. ಎರಡನೆಯ ಪಟ್ಟಿ ಮೊದಲನೆಯದರ ಎರಡರಷ್ಟಾಯಿತು. ಅವರು ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರೇ ಮೊದಲನೆಯ ಪಟ್ಟಿಯಿಂದ ಆಗ್ರಾ, ಮಥುರಾ ಮತ್ತು ದೆಹಲಿಯ ನಾಲ್ಕು ಸ್ಥಳಗಳನ್ನು ಹೊಡೆದುಹಾಕಿದರು. ಎಳೆಯ ಮಕ್ಕಳೊಡನೆ ಹೊರಡುವವರೆಲ್ಲರೂ ಮೊದಲು ಮಾಡಬೇಕಾದ ಕೆಲಸ ಇದೇ ಎಂದು ನನಗನಿಸುತ್ತದೆ. ದಿನಕ್ಕೆ ಒಂದೇ ಸ್ಥಳ, ಒಂದೂರಿನಲ್ಲಿ ನಾಲ್ಕಾರು ದಿನ.

ಮಕ್ಕಳನ್ನು ಬಿಟ್ಟು ಹೋದರೇನು ಎಂಬ ದಾರಿಯನ್ನೂ ಯೋಚಿಸದಿರಲಿಲ್ಲ. ಮಗಳನ್ನು ನನ್ನ ತೌರಿನಲ್ಲಿ ಬಿಡಬಹುದು, ಅಜ್ಜಿಯ ಮನೆ ಅವಳಿಗೆ ಇಷ್ಟವೇ. ಆದರೆ ಒಂದೂವರೆ ವರ್ಷದವನು ಹದಿನೈದು ದಿನ ನನ್ನನ್ನು ಬಿಟ್ಟಿರಲಾರ, ನಾನೂ ಇರಲಾರೆ. ತಮ್ಮನನ್ನು ಕರೆದೊಯ್ದು ಅಕ್ಕನನ್ನು ಬಿಟ್ಟರೆ, ಅದು ಅವಳ ಮನಸ್ಸಿನಲ್ಲಿ ಖಂಡಿತ ಉಳಿಯುತ್ತದೆ. ಆರು ವರ್ಷದವರಿಗೆ ಹಿಮಾಲಯ ಮರೆತುಹೋದೀತು, ತನ್ನನ್ನು ಬಿಟ್ಟುಹೋದದ್ದು ಮರೆಯುವುದಿಲ್ಲ.

ಹೀಗೆ ತೂಗಿ ನೋಡಿದಾಗ ನಮ್ಮ ಮುಂದೆ ಇದ್ದ ಪ್ರಶ್ನೆಯ ರೂಪವೇ ಬದಲಾಯಿತು. ಹೋಗುವುದೇ ಬಿಡುವುದೇ ಎಂಬಷ್ಟಕ್ಕೇ ಅದು ನಿಲ್ಲಲಿಲ್ಲ. ಯಾರು, ಎಲ್ಲಿಯವರೆಗೆ, ಯಾವ ಋತುವಿನಲ್ಲಿ ಹೋಗುವುದು ಎಂದು ವಿಂಗಡಿಸಿ ಕೇಳಿಕೊಂಡಾಗ ಗಂಟು ಸಡಿಲವಾಯಿತು.

ಮೊದಲು ಋತು. ಬೇಸಿಗೆಯ ರಜೆ ದೊಡ್ಡದು ನಿಜ. ಆದರೆ ಮೇ ತಿಂಗಳಲ್ಲಿ ದೆಹಲಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಬದರಿಯ ಬಾಗಿಲು ತೆರೆದ ಹೊಸತಿನಲ್ಲಿ ಯಾತ್ರಿಕರ ನೂಕುನುಗ್ಗಲೂ ಆಗಲೇ. ಮಳೆಗಾಲದಲ್ಲಿ ಬೆಟ್ಟ ಕುಸಿಯುವ ಭಯ. 2013ರ ಜೂನ್‌ನಲ್ಲಿ ಕೇದಾರದಲ್ಲಿ ಆದದ್ದನ್ನು ಯಾರೂ ಮರೆತಿಲ್ಲ. ಜೋಶಿಮಠದಲ್ಲಿಯೇ 2023ರ ಆರಂಭದಲ್ಲಿ ನೆಲ ಕುಸಿದು ಮನೆಗಳು ಬಿರುಕುಬಿಟ್ಟವು. ದಸರೆಯ ರಜೆಯ ಹೊತ್ತಿಗೆ ಮಳೆ ನಿಂತಿರುತ್ತದೆ, ಬಯಲಿನ ಸೆಖೆ ಇಳಿದಿರುತ್ತದೆ, ಬದರಿಯ ಬಾಗಿಲು ಮಾತ್ರ ಇನ್ನೂ ತೆರೆದಿರುತ್ತದೆ. ಅದು ಮುಚ್ಚುವುದು ಸಾಮಾನ್ಯವಾಗಿ ನವೆಂಬರಿನಲ್ಲಿ. ಮೇಲೆ ಚಳಿ ಹೆಚ್ಚು ನಿಜ, ಉಣ್ಣೆಯ ಬಟ್ಟೆಯಿಂದ ಅದನ್ನು ತಡೆಯಬಹುದು. ಆದ್ದರಿಂದ ಅಕ್ಟೋಬರ್ ಎಂದಾಯಿತು.

ಆಮೇಲೆ, ಯಾರು ಎಲ್ಲಿಯವರೆಗೆ. ಹರಿದ್ವಾರ ಸುಮಾರು 300 ಮೀಟರ್ ಎತ್ತರದ ಊರು. ದೆಹಲಿಯಿಂದ ರೈಲಿನಲ್ಲಿ ನಾಲ್ಕೈದು ಗಂಟೆ. ಆಸ್ಪತ್ರೆಗಳಿವೆ, ಹಾಲು ಸಿಕ್ಕುತ್ತದೆ, ಮನೆಮಂದಿಯೆಲ್ಲ ಉಳಿಯಬಹುದಾದ ಧರ್ಮಶಾಲೆಗಳಿವೆ. ಅಲ್ಲಿಯವರೆಗೆ ಎಲ್ಲರೂ ಹೋಗುವುದು. ಮೊಮ್ಮಕ್ಕಳೊಡನೆ ಗಂಗೆಗೆ ಇಳಿಯಬೇಕೆಂಬ ಅತ್ತೆಯವರ ಆಸೆ ಅಲ್ಲಿ ತೀರುತ್ತದೆ. ಅನಂತರ ತಾಯಿ ಮಗ ಇಬ್ಬರೇ ಬದರಿಗೆ ಹೋಗುವುದು. ಹೋಗುವ ಮೊದಲು ಅತ್ತೆಯವರ ಹೃದಯ, ರಕ್ತದೊತ್ತಡಗಳನ್ನು ಇಲ್ಲಿಯೇ ವೈದ್ಯರಿಗೆ ತೋರಿಸುವುದು, ಒಂದೇ ದಿನದಲ್ಲಿ ಏರದೆ ಸುಮಾರು 1,900 ಮೀಟರ್ ಎತ್ತರದ ಜೋಶಿಮಠದಲ್ಲಿ ಎರಡು ರಾತ್ರಿ ತಂಗುವುದು. ಆ ಐದು ದಿನ ನಾನು ಮಕ್ಕಳೊಡನೆ ಹರಿದ್ವಾರದಲ್ಲಿ ಉಳಿಯುವುದು. ಅವರು ಬಂದ ಮೇಲೆ ನಮ್ಮ ಯಜಮಾನರು ಎರಡು ದಿನ ಮಕ್ಕಳನ್ನು ನೋಡಿಕೊಳ್ಳಬೇಕು, ನಾನು ನನ್ನಿಷ್ಟದಂತೆ ಊರು ಸುತ್ತಬೇಕು. ಈ ಕಡೆಯ ಷರತ್ತನ್ನು ನಾನು ಎರಡನೆಯ ಪಟ್ಟಿಯ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ.

ಈ ಏರ್ಪಾಡಿನಲ್ಲಿ ನನಗೆ ಬದರಿಯಿಲ್ಲ. ಅದು ಚಿಕ್ಕ ಮಾತಲ್ಲ. ಆ ಐದು ಪ್ರಯಾಗಗಳ ಹೆಸರನ್ನು ಶಾಲೆಯ ದಿನಗಳಿಂದ ಬಾಯಿಪಾಠ ಮಾಡಿದವಳು ನಾನು. ಅತ್ತೆಯವರಿಗೆ ಇದು ತಿಳಿದಾಗ ಅವರು ಒಪ್ಪಲಿಲ್ಲ. "ನನಗೆ ಬದರಿ ಕಾಣಬೇಕು ಅಂತ ಆಸೆ ಇರೋದು ನಿಜ ಕಣಮ್ಮ. ಆದರೆ ನಿನ್ನನ್ನ ಕೆಳಗೆ ಕೂರಿಸಿ ನಾನು ಮೇಲೆ ಹೋಗಿ ಕೈಮುಗಿದರೆ ಆ ದೇವರಾದರೂ ಒಪ್ಪುತ್ತಾನೆಯೇ?" ಎಂದರು. ನಾನು ಹೇಳಿದೆ: "ಅತ್ತೆ, ನನಗೆ ಮೂವತ್ತೈದು. ಬದರಿ ನನಗೆ ಕಾಯುತ್ತದೆ. ನೀವು ಹೋಗಿಬನ್ನಿ." ಅವರು ಉತ್ತರ ಕೊಡಲಿಲ್ಲ. ಮರುದಿನ ಬೆಳಗ್ಗೆ ನೋಡಿದರೆ ಪೆಟ್ಟಿಗೆಯ ತಳದಿಂದ ಉಣ್ಣೆಯ ಶಾಲನ್ನು ತೆಗೆದು ಬಿಸಿಲಿಗೆ ಹರವಿದ್ದರು.

ನಮಗೆ ಸರಿಯೆನಿಸಿದ್ದು ಎಲ್ಲರಿಗೂ ಸರಿಯಾಗಬೇಕೆಂದಿಲ್ಲ. ಎಲ್ಲ ಮಕ್ಕಳೂ ಒಂದೇ ತರಹದವರಲ್ಲ. ಎಲ್ಲಿ ಮಲಗಿಸಿದರೂ ನಿದ್ದೆ ಮಾಡುವ ಕೂಸುಗಳಿವೆ, ತೊಟ್ಟಿಲ ದಿಕ್ಕು ಬದಲಾದರೆ ಊರೆಲ್ಲ ಎಚ್ಚರಿಸುವ ಕೂಸುಗಳೂ ಇವೆ. ಈ ಭಾಷಣವನ್ನು ಕೇಳುತ್ತಿರುವ ತಂದೆತಾಯಿಗಳು ತಮ್ಮನ್ನು ಕೇಳಿಕೊಳ್ಳಬಹುದಾದ ಪ್ರಶ್ನೆಗಳನ್ನು ಮಾತ್ರ ನಾನು ಮುಂದಿಡಬಲ್ಲೆ. ಈ ಪ್ರವಾಸ ನಿಜವಾಗಿ ಯಾರಿಗಾಗಿ? ಮಕ್ಕಳಿಗಾಗಿ ಎಂದು ಹೇಳಿ ದೊಡ್ಡವರಿಗಾಗಿ ಹೊರಡುವುದರಲ್ಲಿ ಪಾಪವೇನೂ ಇಲ್ಲ, ಆದರೆ ಅದನ್ನು ಒಪ್ಪಿಕೊಂಡು ಹೊರಟರೆ ದಾರಿಯಲ್ಲಿ ಮಕ್ಕಳ ಮೇಲೆ ಸಿಟ್ಟು ಬರುವುದಿಲ್ಲ. ಮಗುವಿಗೆ ಕಾಯಿಲೆಯಾದರೆ ಎಷ್ಟು ಹೊತ್ತಿನೊಳಗೆ ವೈದ್ಯರ ಬಳಿಗೆ ತಲುಪಬಲ್ಲೆವು? ಆ ಕಾಯಿಲೆ ನಮಗೆ ಗೊತ್ತಾಗುವ ಬಗೆ ಯಾವುದು? ದಾರಿಯ ದುಡಿಮೆಯನ್ನು ಯಾರು ಯಾರು ಎಷ್ಟೆಷ್ಟು ಹಂಚಿಕೊಳ್ಳುತ್ತಾರೆ? ಮುಂದೂಡಿದರೆ ಯಾರು ಏನನ್ನು ಕಳೆದುಕೊಳ್ಳುತ್ತಾರೆ? ಈ ಕೊನೆಯ ಪ್ರಶ್ನೆಯನ್ನು ಕೇಳುವಾಗ ಮನೆಯ ಹಿರಿಯರ ಕಡೆಗೂ ಒಮ್ಮೆ ನೋಡುವುದು ಒಳ್ಳೆಯದು. ಎಳೆಯರ ಸಲುವಾಗಿ ನಾವು ಮುಂದೂಡುವ ಎಷ್ಟೋ ಕೆಲಸಗಳ ಬೆಲೆಯನ್ನು ತೆರುವವರು ಅವರು, ಬಾಯಿಬಿಟ್ಟು ಹೇಳದೆ.

ರೈಲಿನ ಟಿಕೆಟ್ಟನ್ನು ಈಗ ಹೊರಡುವ ದಿನಕ್ಕೆ 60 ದಿನ ಮೊದಲು ಮಾತ್ರ ಕಾದಿರಿಸಲು ಸಾಧ್ಯ. 2024ರ ನವೆಂಬರಿಗೆ ಮೊದಲು ಆ ಅವಧಿ 120 ದಿನವಿತ್ತು. ಆದ್ದರಿಂದ ನಮ್ಮ ತೀರ್ಮಾನ ಇನ್ನೂ ಟಿಕೆಟ್ಟಿನ ರೂಪಕ್ಕೆ ಬಂದಿಲ್ಲ. ಬರುವುದರೊಳಗೆ ಯಾರಿಗಾದರೂ ಜ್ವರ ಬರಬಹುದು, ಕಚೇರಿಯಲ್ಲಿ ರಜೆ ಸಿಕ್ಕದಿರಬಹುದು. ಹಾಗೇನಾದರೂ ಆದರೆ ಮತ್ತೆ ಕುಳಿತು ಯೋಚಿಸುತ್ತೇವೆ. ಈ ನಡುವೆ ಮಗಳು ಬಂದು, ಹರಿದ್ವಾರದಿಂದ ಹಿಮಾಲಯ ಕಾಣುತ್ತದೆಯೇ ಎಂದು ಕೇಳಿದಳು. ಹಿಮದ ಶಿಖರಗಳು ಅಲ್ಲಿಂದ ಕಾಣುವುದಿಲ್ಲ, ಕಾಣುವುದು ಶಿವಾಲಿಕ ಬೆಟ್ಟಗಳು, ಅವೂ ಹಿಮಾಲಯದ ಮೊದಲ ಮೆಟ್ಟಿಲೇ ಎಂದು ಹೇಳಿದೆ. ಅವಳಿಗೆ ತೃಪ್ತಿಯಾಗಲಿಲ್ಲ. ಅಪ್ಪ ಬದರಿಯಿಂದ ಇಳಿದುಬಂದ ಮೇಲೆ ಒಂದು ದಿನ ಮಸ್ಸೂರಿಗೆ ಹೋಗಬಹುದು, ಅದು 2,000 ಮೀಟರ್ ಎತ್ತರದ್ದು, ಮಕ್ಕಳಿಗೆ ತೊಂದರೆಯಿಲ್ಲ, ಆಕಾಶ ತಿಳಿಯಾಗಿದ್ದರೆ ಅಲ್ಲಿಂದ ದೂರದ ಹಿಮದ ಸಾಲು ಕಾಣುತ್ತದೆ ಎಂದೆ. "ತಿಳಿಯಾಗಿಲ್ಲದಿದ್ದರೆ?" ಎಂದು ಕೇಳಿದಳು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ನಿಂಬೆಹಣ್ಣನ್ನೂ ಒಂದು ದಪ್ಪ ಕೈಚೀಲವನ್ನೂ ಮರೆಯದೆ ತೆಗೆದುಕೊಳ್ಳಬೇಕೆಂದು ಮಾತ್ರ ಪಟ್ಟಿಗೆ ಸೇರಿಸಿದೆ. ಮಸ್ಸೂರಿಯ ದಾರಿಯಲ್ಲೂ ತಿರುವುಗಳಿವೆಯಲ್ಲ.